ಎಷ್ಟು ಸಲ, ಏಕೆ: ಹೊಸ ಕಾರಿನ ಮರುಕಳಿಸುವ ದೋಷ ಮತ್ತು ಗ್ರಾಹಕ ಕಾನೂನಿನ ಚರಿತ್ರೆ

ಕಾರು ಸರ್ವೀಸ್ ಸೆಂಟರಿನ ಗೇಟು ದಾಟಿದಾಗಲೆಲ್ಲ ಒಂದು ಜಾಬ್ ಕಾರ್ಡ್ ಹುಟ್ಟುತ್ತದೆ. ತಾರೀಕು, ಓಡಿದ ಕಿಲೋಮೀಟರ್, ಗ್ರಾಹಕರ ದೂರು, ಮಾಡಿದ ಕೆಲಸ, ಇಷ್ಟೇ ಅದರ ಸಾಮಗ್ರಿ. ಪದೇ ಪದೇ ಕೆಡುವ ಹೊಸ ಕಾರೊಂದರ ಜಾಬ್ ಕಾರ್ಡುಗಳನ್ನು ಸಾಲಾಗಿ ಹರಡಿಕೊಂಡರೆ ದೂರಿನ ಕಾಲಂನಲ್ಲಿ ಪ್ರತಿ ಸಲವೂ ಒಂದೇ ಸಾಲು: ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನಾಗಿ ಆಫ್ ಆಗುತ್ತದೆ. ಕೆಲಸದ ಕಾಲಂ ಮಾತ್ರ ಬದಲಾಗುತ್ತ ಹೋಗುತ್ತದೆ: ಸೆನ್ಸರ್ ಬದಲಿಸಿದೆ, ವೈರಿಂಗ್ ನೋಡಿದೆ, ಟ್ರಯಲ್ ಮಾಡಿದೆ, ದೋಷ ಕಂಡುಬಂದಿಲ್ಲ. ಈ ಕಾಗದಗಳಿಂದ ಮಾಲೀಕ ಸಾಬೀತು ಮಾಡಬಲ್ಲದ್ದು ಕಾರು ಎಷ್ಟು ಸಲ ಕೆಟ್ಟಿತು ಎಂಬುದನ್ನು. ನಮ್ಮ ಕಾನೂನು ಅವನನ್ನು ಕೇಳುವುದು ಏಕೆ ಕೆಟ್ಟಿತು ಎಂದು. ಈ ಎರಡನೆಯ ಪ್ರಶ್ನೆ ಶಾಸನದಲ್ಲಿ ಬರೆದದ್ದಲ್ಲ, ಕಂಪನಿಗಳ ವಾರಂಟಿ ಪುಸ್ತಕದ ಭಾಷೆಯಿಂದ ತೀರ್ಪುಗಳೊಳಗೆ ನುಸುಳಿದ್ದು ಎಂಬುದು ಈ ಲೇಖನದ ವಾದ.

ಕಥೆ 1930ರ ಸರಕು ಮಾರಾಟ ಕಾಯ್ದೆಯಿಂದ ಶುರುವಾಗುತ್ತದೆ. ಇಂಗ್ಲೆಂಡಿನ 1893ರ ಕಾಯ್ದೆಯ ಅಚ್ಚಿನಲ್ಲಿ ಎರಕ ಹೊಯ್ದ ಈ ಶಾಸನದ ಮೂಲ ನಿಲುವು, ನೋಡಿ ಕೊಳ್ಳುವುದು ಕೊಳ್ಳುವವನ ಜವಾಬ್ದಾರಿ ಎಂಬುದು. 16ನೇ ಕಲಮಿನಲ್ಲಿ ಕೆಲವು ವಿನಾಯಿತಿಗಳಿವೆ, ನಿಜ. ಆದರೆ ಅಲ್ಲೇ ಒಂದು ಪರಂತುಕವೂ ಇದೆ: ವಸ್ತುವನ್ನು ಅದರ ವ್ಯಾಪಾರಿ ಹೆಸರಿನಿಂದ ಕೇಳಿ ಕೊಂಡರೆ, ಅದು ನಿರ್ದಿಷ್ಟ ಉದ್ದೇಶಕ್ಕೆ ಯೋಗ್ಯವಾಗಿರಬೇಕೆಂಬ ಸೂಚಿತ ಷರತ್ತು ಅನ್ವಯಿಸದು. ಕಾರನ್ನು ಹೆಸರು ಹೇಳದೆ ಕೊಳ್ಳುವವರು ಯಾರು? ಇದಕ್ಕಿಂತ ಬಿಗಿಯಾದ ಗಂಟು 13 ಮತ್ತು 42ನೇ ಕಲಮುಗಳಲ್ಲಿದೆ. ಸರಕನ್ನು ತಿರಸ್ಕರಿಸುವುದಾಗಿ ತಿಳಿಸದೆ ತಕ್ಕಷ್ಟು ಕಾಲ ಇಟ್ಟುಕೊಂಡರೆ ಸ್ವೀಕರಿಸಿದಂತೆ. ಸ್ವೀಕರಿಸಿದ ಮೇಲೆ ಪರಿಹಾರ ಕೇಳಬಹುದೇ ಹೊರತು ಸರಕು ಹಿಂತಿರುಗಿಸಲಾಗದು. ಎಂದರೆ, ರಿಪೇರಿಗೆ ತಾಳ್ಮೆಯಿಂದ ಅವಕಾಶ ಕೊಟ್ಟ ಗ್ರಾಹಕನೇ ಹಕ್ಕು ಕಳೆದುಕೊಳ್ಳುವ ಅಪಾಯದಲ್ಲಿರುತ್ತಾನೆ. ಈ ಕಲಮುಗಳು ದಶಕಗಳ ಕಾಲ ಯಾರನ್ನೂ ಅಷ್ಟಾಗಿ ಕಾಡದಿದ್ದುದಕ್ಕೆ ಬೇರೆ ಕಾರಣವಿತ್ತು. ಅಂಬಾಸಿಡರ್‌ಗೋ ಪ್ರೀಮಿಯರ್ ಪದ್ಮಿನಿಗೋ ಹೆಸರು ಬರೆಸಿ ವರ್ಷಗಟ್ಟಲೆ ಕಾದವನು, ಕೈಗೆ ಬಂದ ಗಾಡಿಯನ್ನು ವಾಪಸು ಕೊಟ್ಟು ಮತ್ತೆ ಸರದಿಯ ಬಾಲಕ್ಕೆ ನಿಲ್ಲುವ ಮಾತೇ ಇರಲಿಲ್ಲ.

ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ. ಅದಾಗಿ ಮೂರು ವರ್ಷಕ್ಕೆ, 1986ರ ಡಿಸೆಂಬರ್ 24ರಂದು, ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆ ಕಾಯ್ದೆ ದೋಷ ಎಂಬ ಪದಕ್ಕೆ ಕೊಟ್ಟ ಅರ್ಥ ಉದಾರವಾದದ್ದು. ಕಾನೂನೋ ಕರಾರೋ ವ್ಯಾಪಾರಿಯ ಮಾತೋ ನಿರೀಕ್ಷಿಸುವ ಗುಣಮಟ್ಟದಲ್ಲಿ ಯಾವ ಕೊರತೆ ಇದ್ದರೂ ಅದು ದೋಷ. ತಯಾರಿಕಾ ದೋಷ ಎಂಬ ಮಾತು ಆ ವ್ಯಾಖ್ಯೆಯಲ್ಲಿಲ್ಲ. ದೋಷ ನಿವಾರಣೆ, ಬದಲಿ ವಸ್ತು, ಹಣ ವಾಪಸು, ನಷ್ಟ ಪರಿಹಾರ, ನಾಲ್ಕೂ ಬಾಗಿಲು ತೆರೆದಿದ್ದವು. ಎಡವಿದ್ದು ಅದೇ ಕಾಯ್ದೆಯ 13ನೇ ಕಲಮಿನಲ್ಲಿ. ಪರೀಕ್ಷೆಯಿಲ್ಲದೆ ದೋಷ ತಿಳಿಯದಿದ್ದರೆ ಸರಕಿನ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬೇಕು, ಅದರ ಶುಲ್ಕವನ್ನು ದೂರುದಾರನಿಂದ ಕಟ್ಟಿಸಬಹುದು ಎನ್ನುತ್ತಿತ್ತು ಅದು. ಎಣ್ಣೆ, ಸಿಮೆಂಟಿಗೆ ಒಪ್ಪುವ ಕ್ರಮ. ಕಾರಿನಿಂದ ಯಾವ ಚಮಚದಲ್ಲಿ ಮಾದರಿ ತೆಗೆಯುವುದು? ಇತ್ತ ವಾರಂಟಿ ಪುಸ್ತಕದ ಮಾತು ತನ್ನ ಕೆಲಸ ಮಾಡಿತು. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಾರಂಟಿಯ ಷರತ್ತು ಬಿಡಿಭಾಗದ ದುರಸ್ತಿಗೆ ಅಥವಾ ಬದಲಾವಣೆಗೆ ಸೀಮಿತವಾದ್ದರಿಂದ ಇಡೀ ವಾಹನ ಬದಲಿಸಿ ಕೊಡಬೇಕೆಂಬ ಆದೇಶ ನಿಲ್ಲದು ಎಂದಿತು. 2010ರ ಫಿಯಟ್ ಇಂಡಿಯಾ ತೀರ್ಪು ಗ್ರಾಹಕನ ಕಡೆಗೆ ಸ್ವಲ್ಪ ವಾಲಿತು, ಆದರೆ ಬೆಲೆ ವಾಪಸಾಗಬೇಕಾದರೆ ಸ್ವತಂತ್ರ ತಜ್ಞ ಅಂತರ್ಗತ ತಯಾರಿಕಾ ದೋಷವಿದೆ ಎನ್ನಬೇಕಿತ್ತು. ಕಂಪನಿ ತನ್ನ ಹೊಣೆಯನ್ನು ಕುಗ್ಗಿಸಿಕೊಳ್ಳಲು ಬರೆದ ಕರಾರು ಹೀಗೆ ಶಾಸನ ಕೊಟ್ಟ ಪರಿಹಾರಕ್ಕೂ ಗಡಿಗೆರೆಯಾಯಿತು.

ಅಮೆರಿಕದ ದಾರಿ ಬೇರೆಯಾಗಿತ್ತು. 1955ರಲ್ಲಿ ನ್ಯೂಜೆರ್ಸಿಯಲ್ಲಿ ಮಾರಾಟವಾದ ಪ್ಲಿಮತ್ ಕಾರೊಂದರ ಸ್ಟಿಯರಿಂಗ್ ಹತ್ತೇ ದಿನದಲ್ಲಿ ಕೈಕೊಟ್ಟು, ಗಾಡಿ ಗೋಡೆಗೆ ಗುದ್ದಿತು. ಮುಂಭಾಗ ಎಷ್ಟು ನಜ್ಜುಗುಜ್ಜಾಗಿತ್ತೆಂದರೆ ಯಾವ ಭಾಗ ಮೊದಲೇ ಕೆಟ್ಟಿತ್ತೆಂದು ತಿಳಿಯುವಂತಿರಲಿಲ್ಲ. ಕರಾರಿನ ಹಿಂಬದಿಯ ಸಣ್ಣಕ್ಷರದಲ್ಲಿದ್ದ ವಾರಂಟಿಯ ಆಯುಸ್ಸು 90 ದಿನ ಅಥವಾ 4,000 ಮೈಲಿ, ಅದೂ ಬಿಡಿಭಾಗಕ್ಕೆ ಮಾತ್ರ. 1960ರ ಬ್ಲೂಮ್‌ಫೀಲ್ಡ್ ಮೋಟರ್ಸ್ ತೀರ್ಪಿನಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಸಣ್ಣಕ್ಷರವನ್ನು ಪಕ್ಕಕ್ಕಿಟ್ಟು, ಸಂದರ್ಭದಿಂದಲೇ ದೋಷವನ್ನು ಊಹಿಸಬಹುದೆಂದಿತು. 1975ರ ಮ್ಯಾಗ್ನುಸನ್–ಮಾಸ್ ಕಾಯ್ದೆ, ಪೂರ್ಣ ವಾರಂಟಿ ಕೊಟ್ಟವರು ತಕ್ಕಷ್ಟು ಪ್ರಯತ್ನದಲ್ಲಿ ಸರಿಪಡಿಸದಿದ್ದರೆ ಹಣವನ್ನೋ ಬದಲಿಯನ್ನೋ ಕೊಡಲಿ ಎಂದಿತು. ಕಂಪನಿಗಳು ಪೂರ್ಣ ಎಂಬ ಪದವನ್ನೇ ಬಿಟ್ಟು ಸೀಮಿತ ವಾರಂಟಿ ಕೊಡತೊಡಗಿದವು! ಆ ಕಿಂಡಿ ಮುಚ್ಚಲು 1982ರಲ್ಲಿ ಕನೆಕ್ಟಿಕಟ್ ರಾಜ್ಯ ತಂದದ್ದೇ ಮೊದಲ ಲೆಮನ್ ಕಾನೂನು. (ನಮ್ಮಲ್ಲಿ ಹೊಸ ಗಾಡಿಯ ಗಾಲಿಯಡಿ ನಿಂಬೆಹಣ್ಣು ಇಡುತ್ತಾರೆ. ಅಲ್ಲಿ ಕೆಟ್ಟ ಗಾಡಿಯೇ ನಿಂಬೆಹಣ್ಣು.) ನಿಗದಿತ ಅವಧಿಯೊಳಗೆ ಒಂದೇ ದೋಷಕ್ಕೆ ನಾಲ್ಕು ರಿಪೇರಿ, ಇಲ್ಲವೇ ಒಟ್ಟು 30 ದಿನ ಗ್ಯಾರೇಜಿನಲ್ಲಿ ವಾಸ. ಅಲ್ಲಿಗೆ ತಕ್ಕಷ್ಟು ಅವಕಾಶ ಮುಗಿಯಿತೆಂದು ಕಾನೂನೇ ಭಾವಿಸುತ್ತದೆ. ಬ್ರಿಟನ್ನಿನ 2015ರ ಕಾಯ್ದೆಯಂತೂ ಒಂದೇ ಒಂದು ವಿಫಲ ರಿಪೇರಿಗೆ ತಿರಸ್ಕರಿಸುವ ಹಕ್ಕು ಕೊಟ್ಟಿತು.

ಎಣಿಕೆಯನ್ನೇ ನಂಬಿದರೆ ಅಡ್ಡಾದಿಡ್ಡಿ ಓಡಿಸಿ ಕೆಡಿಸಿದವನಿಗೂ ಹೊಸ ಕಾರು ಸಿಗುತ್ತದಲ್ಲ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಎಣಿಕೆ ತೀರ್ಪು ಕೊಡುವುದಿಲ್ಲ, ಪುರಾವೆಯ ಹೊರೆಯನ್ನು ಪಕ್ಕದ ಹೆಗಲಿಗೆ ದಾಟಿಸುತ್ತದೆ ಅಷ್ಟೆ. ದುರ್ಬಳಕೆಯನ್ನು ತೋರಿಸಿ ಪಾರಾಗುವ ಅವಕಾಶ ಕಂಪನಿಗೆ ಇದ್ದೇ ಇರುತ್ತದೆ, ಮತ್ತು ವಿನ್ಯಾಸದ ನಕ್ಷೆ, ಸಾಫ್ಟ್‌ವೇರ್ ದಾಖಲೆ, ಇತರ ಮಾಲೀಕರ ದೂರುಗಳು ಇರುವುದು ಅದರ ಕಪಾಟಿನಲ್ಲಿಯೇ. ಡ್ಯಾಶ್‌ಬೋರ್ಡಿನ ಕಿರಿಕಿರಿ ಶಬ್ದಕ್ಕೆಲ್ಲ ಕಾರು ಬದಲಿಸಬೇಕೇ ಎಂಬುದಕ್ಕೆ, ಬಳಕೆ, ಬೆಲೆ, ಸುರಕ್ಷತೆಗೆ ಗಣನೀಯ ಧಕ್ಕೆ ಇರಬೇಕೆಂಬ ಮಿತಿಯನ್ನು ಲೆಮನ್ ಕಾನೂನುಗಳು ಮೊದಲೇ ಹಾಕಿವೆ. ತಜ್ಞರ ವರದಿ ಸಾಲದೇ ಎನ್ನುವವರು ಒಂದು ವಿಷಯ ಗಮನಿಸಬೇಕು: ಬಂದು ಹೋಗುವ ದೋಷ ತಜ್ಞ ಬಂದ ದಿನವೇ ಹಾಜರಿರುವುದಿಲ್ಲ.

2019ರ ಹೊಸ ಗ್ರಾಹಕ ಕಾಯ್ದೆ ಇದನ್ನು ಬಗೆಹರಿಸಿತೇ? ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದೆಂದದ್ದು ದೊಡ್ಡ ಅನುಕೂಲ. ಉತ್ಪನ್ನ ಹೊಣೆಗಾರಿಕೆಯ ಹೊಸ ಅಧ್ಯಾಯವೂ ಬಂತು, ತಯಾರಿಕಾ ದೋಷ ಎಂಬ ಮಾತು ಶಾಸನಕ್ಕೆ ಅಧಿಕೃತವಾಗಿ ಸೇರಿದ್ದು ಅಲ್ಲಿಯೇ. ಆದರೆ ಆ ಅಧ್ಯಾಯದ ಹಾನಿ ಎಂಬ ಪದ ಉತ್ಪನ್ನಕ್ಕೇ ಆದ ಹಾನಿಯನ್ನು ಹೊರಗಿಡುತ್ತದೆ. ಕೆಟ್ಟ ಕಾರು ನಿಮ್ಮ ಕಾಲು ಮುರಿದರೆ ಅಧ್ಯಾಯ ಅನ್ವಯಿಸುತ್ತದೆ, ಬರೀ ಕೆಟ್ಟು ನಿಂತರೆ ಇಲ್ಲ. ಸ್ವಾರಸ್ಯವೆಂದರೆ, ಎಣಿಸುವುದು ನಮ್ಮ ಶಾಸನಕ್ಕೆ ಅಪರಿಚಿತವೇನಲ್ಲ. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಕಲಮು, ಅಪಾಯಕಾರಿ ದೋಷವನ್ನು ಇಂತಿಷ್ಟು ಶೇಕಡಾ ಮಾಲೀಕರು ವರದಿ ಮಾಡಿದರೂ ಆ ಮಾದರಿಯ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ಕೇಂದ್ರ ಸರ್ಕಾರ ಆದೇಶಿಸಬಹುದು ಎನ್ನುತ್ತದೆ. ಅದು ಎಣಿಸುವುದು ಮಾಲೀಕರ ತಲೆಗಳನ್ನು. ಒಬ್ಬನೇ ಮಾಲೀಕನ ಫೈಲಿನಲ್ಲಿರುವ ಏಳು ಜಾಬ್ ಕಾರ್ಡುಗಳು ಆ ಲೆಕ್ಕದಲ್ಲಿ ಒಂದೇ.