ಪಾರ್ಶ್ವವಾಯು: ಚೇತರಿಕೆಯ ಹಾದಿಯಲ್ಲಿ ರಕ್ತದ ಸಕ್ಕರೆ

ಪಾರ್ಶ್ವವಾಯು ಬಡಿದ ರೋಗಿಯನ್ನು ಆಸ್ಪತ್ರೆಗೆ ಕರೆತಂದಾಗ ನಡೆಯುವ ಮೊದಲ ಪರೀಕ್ಷೆಗಳಲ್ಲಿ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ಅಳೆಯುವುದೂ ಒಂದು. ಕೈಕಾಲು ಸ್ವಾಧೀನ ತಪ್ಪಿರುವಾಗ ಸಕ್ಕರೆಯ ಲೆಕ್ಕವೇಕೆ ಎಂದು ಮನೆಯವರಿಗೆ ಅನ್ನಿಸಬಹುದು. ಆದರೆ ಆ ಅಂಕಿಗೂ ರೋಗಿಯ ಮುಂದಿನ ಚೇತರಿಕೆಗೂ ನಿಕಟ ಸಂಬಂಧವಿದೆ.

ಈ ಪರೀಕ್ಷೆಗೆ ಮೊದಲ ಕಾರಣ ರೋಗನಿರ್ಣಯ. 100 ಮಿ.ಲೀ. ರಕ್ತದಲ್ಲಿ ಸಕ್ಕರೆ 60 ಮಿ.ಗ್ರಾಂ.ಗಿಂತ ಕೆಳಗಿಳಿದರೆ ಮಾತು ತೊದಲುವುದು, ಒಂದು ಬದಿ ಬಲಗುಂದುವುದು ಮುಂತಾದ, ಪಾರ್ಶ್ವವಾಯುವನ್ನೇ ಹೋಲುವ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಆದ್ದರಿಂದಲೇ ಹೆಪ್ಪು ಕರಗಿಸುವ ಚುಚ್ಚುಮದ್ದು ನೀಡುವ ಮುನ್ನ ಸಕ್ಕರೆಯ ಪರೀಕ್ಷೆ ಕಡ್ಡಾಯ. ಈ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ ನೀಡಬೇಕಾಗುತ್ತದೆ.

ಸಕ್ಕರೆ ಏರಿದರೇನು?

ಮಧುಮೇಹವಿಲ್ಲದವರಲ್ಲೂ ಪಾರ್ಶ್ವವಾಯುವಿನ ಆಘಾತಕ್ಕೆ ಕಾರ್ಟಿಸಾಲ್, ಅಡ್ರಿನಲಿನ್ ಹಾರ್ಮೋನುಗಳು ಹೆಚ್ಚಾಗಿ ಸಕ್ಕರೆ ಏರುವುದುಂಟು. ಇದು ತಾತ್ಕಾಲಿಕವೋ, ಹಿಂದಿನಿಂದಲೂ ಇದ್ದ ಮಧುಮೇಹವೋ ಎಂಬುದನ್ನು ಎರಡು-ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ತೋರಿಸುತ್ತದೆ. ಅದು ಶೇ 6.5 ಅಥವಾ ಹೆಚ್ಚಿದ್ದರೆ ಮಧುಮೇಹ ಎಂದರ್ಥ.

ರಕ್ತನಾಳ ಮುಚ್ಚಿದಾಗ ಮಿದುಳಿನ ಒಂದು ಭಾಗ ಸತ್ತರೂ ಅದರ ಸುತ್ತಲಿನ ಅಂಗಾಂಶ ಕೆಲಕಾಲ ಉಸಿರು ಹಿಡಿದುಕೊಂಡಿರುತ್ತದೆ. ಆಮ್ಲಜನಕ ಸಾಲದ ಈ ಜಾಗದಲ್ಲಿ ಹೆಚ್ಚುವರಿ ಗ್ಲೂಕೋಸ್ ಲ್ಯಾಕ್ಟಿಕ್ ಆಮ್ಲವಾಗಿ ಜೀವಕೋಶಗಳನ್ನು ಘಾಸಿಗೊಳಿಸುತ್ತದೆ. ಹಾನಿಗೊಂಡ ಭಾಗದಲ್ಲಿ ರಕ್ತಸ್ರಾವವಾಗುವ ಅಪಾಯವೂ ಹೆಚ್ಚುತ್ತದೆ.

ಅತಿಯಾದ ನಿಯಂತ್ರಣವೂ ಸಲ್ಲದು

ಹಾಗಾದರೆ ಇನ್ಸುಲಿನ್ ನೀಡಿ ಸಕ್ಕರೆಯನ್ನು ಸಂಪೂರ್ಣ ಇಳಿಸಿಬಿಟ್ಟರೆ? ಅಮೆರಿಕದಲ್ಲಿ 1,151 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ 'ಶೈನ್' ಅಧ್ಯಯನ ಇದಕ್ಕೆ ಉತ್ತರ ನೀಡಿತು. ಸಕ್ಕರೆಯನ್ನು 80ರಿಂದ 130ರೊಳಗೆ ಬಿಗಿಯಾಗಿ ಹಿಡಿದ ಗುಂಪಿನಲ್ಲಿ 90 ದಿನಗಳ ನಂತರ ಉತ್ತಮ ಫಲಿತಾಂಶ ಕಂಡವರು ಶೇ 20.5. 180ರೊಳಗೆ ಇರಿಸಿದ ಗುಂಪಿನಲ್ಲಿ ಶೇ 21.6. ಬಿಗಿ ಹಿಡಿತದಿಂದ ಲಾಭವಾಗಲಿಲ್ಲ. ಬದಲಿಗೆ ಆ ಗುಂಪಿನ ಶೇ 2.6 ಮಂದಿಯಲ್ಲಿ ಸಕ್ಕರೆ 40ಕ್ಕಿಂತ ಕೆಳಗಿಳಿದಿತ್ತು. ಮತ್ತೊಂದು ಗುಂಪಿನಲ್ಲಿ ಯಾರಿಗೂ ಹಾಗಾಗಲಿಲ್ಲ. ಅಮೆರಿಕದ ಹೃದ್ರೋಗ ಸಂಘಟನೆಯ 2019ರ ಮಾರ್ಗಸೂಚಿ ಕೂಡ ಮೊದಲ ದಿನ ಸಕ್ಕರೆಯನ್ನು 140ರಿಂದ 180ರ ನಡುವೆ ಇರಿಸುವಂತೆ ಸೂಚಿಸಿದೆ.

ದುಬಾರಿ ಔಷಧಕ್ಕಿಂತ ನಿರಂತರ ನಿಗಾ ಮುಖ್ಯ ಎಂಬುದನ್ನು ಆಸ್ಟ್ರೇಲಿಯದ ಅನುಭವ ತೋರಿಸಿದೆ. ನ್ಯೂ ಸೌತ್ ವೇಲ್ಸ್‌ನ 19 ಪಾರ್ಶ್ವವಾಯು ಘಟಕಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜ್ವರ, ಸಕ್ಕರೆ ಮತ್ತು ನುಂಗುವ ಶಕ್ತಿ, ಈ ಮೂರರ ಮೇಲೆ ದಾದಿಯರು ಕ್ರಮಬದ್ಧವಾಗಿ ಕಣ್ಣಿಟ್ಟರು. 90 ದಿನಗಳಲ್ಲಿ ಮೃತಪಟ್ಟವರ ಅಥವಾ ಪರಾವಲಂಬಿಗಳಾದವರ ಪ್ರಮಾಣ ಇಲ್ಲಿ ಶೇ 42ರಷ್ಟಿದ್ದರೆ, ಇಂತಹ ಕ್ರಮವಿಲ್ಲದ ಘಟಕಗಳಲ್ಲಿ ಶೇ 58ರಷ್ಟಿತ್ತು.

ಮನೆಯವರು ತಿಳಿದಿರಬೇಕಾದದ್ದು

* ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಲಕ್ಷಣ ಆರಂಭವಾದ ಸಮಯವನ್ನು ನೆನಪಿಟ್ಟು ವೈದ್ಯರಿಗೆ ತಿಳಿಸಬೇಕು.
* ನೀರು, ಸಕ್ಕರೆ ಪಾನಕ, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಬಾರದು. ನುಂಗಲಾಗದಿದ್ದರೆ ಅದು ಶ್ವಾಸಕೋಶ ಸೇರಬಹುದು.
* ಸಕ್ಕರೆ ಹೆಚ್ಚಿದೆಯೆಂದು ಮನೆಯಲ್ಲೇ ಇನ್ಸುಲಿನ್ ಚುಚ್ಚಬಾರದು. ರೋಗಿ ಬಳಸುತ್ತಿರುವ ಔಷಧಗಳ ಚೀಟಿಯನ್ನು ಆಸ್ಪತ್ರೆಗೆ ಒಯ್ಯಬೇಕು.
* ಮನೆಗೆ ಮರಳಿದ ಬಳಿಕ ಊಟ ಸೇರದ ದಿನವೂ ಎಂದಿನ ಪ್ರಮಾಣದ ಇನ್ಸುಲಿನ್ ನೀಡಿದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಪ್ರಮಾಣ ಬದಲಿಸುವ ಬಗ್ಗೆ ವೈದ್ಯರನ್ನು ಕೇಳಬೇಕು.

ಮಧುಮೇಹವಿರುವ ಬಹುತೇಕ ರೋಗಿಗಳಿಗೆ ದೀರ್ಘಾವಧಿಯಲ್ಲಿ ಎಚ್‌ಬಿಎ1ಸಿ ಶೇ 7ರೊಳಗಿರುವುದು ಗುರಿ. ವಯಸ್ಸು, ಇತರ ಕಾಯಿಲೆಗಳನ್ನು ನೋಡಿ ವೈದ್ಯರು ಇದನ್ನು ಸಡಿಲಿಸುವುದೂ ಉಂಟು. ಫಿಸಿಯೋಥೆರಪಿ, ರಕ್ತದೊತ್ತಡದ ಹತೋಟಿಗಳ ಜೊತೆಗೆ ಸಕ್ಕರೆಯನ್ನು ಏರದಂತೆ, ಕುಸಿಯದಂತೆ ಹದದಲ್ಲಿರಿಸುವುದು ಚೇತರಿಕೆಗೆ ನೆರವಾಗುತ್ತದೆ, ಮತ್ತೊಂದು ಆಘಾತದ ಅಪಾಯವನ್ನೂ ತಗ್ಗಿಸುತ್ತದೆ.