ಬೇಕಲ: ಅರಮನೆಯಿಲ್ಲದ ಕೋಟೆ

ಮಂಗಳೂರಿನಿಂದ ತೆಂಕಣಕ್ಕೆ ಹೊರಟು ಕಾಸರಗೋಡು ದಾಟಿದರೆ ಪಳ್ಳಿಕ್ಕರೆಯ ಬಳಿ ಬೇಕಲ ಕೋಟೆ ಸಿಗುತ್ತದೆ. ಹೊರನಾಡಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅದು ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ಹಾಡಿನಲ್ಲಿ ಕಂಡ ಜಾಗ. ಅದು ಕೆಳದಿಯ ಕೋಟೆಯೆಂಬುದೂ ಅವರಿಗೆ ಗೊತ್ತಿರಲಿ ಎಂದು ಇಷ್ಟು ಬರೆಯುತ್ತಿದ್ದೇನೆ.

ಕಟ್ಟಿಸಿದವನು ಕೆಳದಿಯ ಅರಸ ಶಿವಪ್ಪನಾಯಕ, 1650ರ ಸುಮಾರಿಗೆ. ಭೂಕಂದಾಯದ ‘ಶಿಸ್ತು’ ಪದ್ಧತಿಗೆ ಹೆಸರಾದವನು. ಘಟ್ಟದ ಮೇಲೆ ಬಿದನೂರಿನಲ್ಲಿ ಕೂತ ಅರಸನಿಗೆ ಈ ಕಡಲಂಚು ಯಾಕೆ ಬೇಕಿತ್ತು? ಮಲೆನಾಡಿನ ಮೆಣಸು, ಕರಾವಳಿಯ ಅಕ್ಕಿ ಹಡಗೇರುತ್ತಿದ್ದುದು ಕೆನರಾದ ಬಂದರುಗಳಲ್ಲಿ; ಅಲ್ಲಿ ಪೋರ್ಚುಗೀಸರ ಹಿಡಿತ ಬಿಗಿಯಾಗಿತ್ತು. ಹೊನ್ನಾವರ, ಬಸರೂರು, ಮಂಗಳೂರಿನಿಂದ ಅವರನ್ನು ಎಬ್ಬಿಸಿದವನೂ ಇವನೇ. ರಾಜ್ಯದ ತೆಂಕಣ ಗಡಿಯ ಕಾವಲಿಗೆ ಚಂದ್ರಗಿರಿ, ಬೇಕಲ ಕೋಟೆಗಳು ಎದ್ದವು.

ಸುಮಾರು 40 ಎಕರೆಯ ಕೋಟೆಯೊಳಗೆ ಅರಮನೆಯಿಲ್ಲ. ಇದು ಕಾಯುವುದಕ್ಕೆಂದೇ ಕಟ್ಟಿದ ಜಾಗ. ಗೋಡೆಗೆ ಕರಾವಳಿಯ ಮನೆಗಳಿಗೆ ಬಳಸುವ ಅದೇ ಮುರಕಲ್ಲು. ಮೂರು ಕಡೆ ಕಡಲು. ನೆಲದ ಕಡೆ ಕಂದಕ, ಅಂಕುಡೊಂಕಾದ ಪ್ರವೇಶ. ನುಗ್ಗಿ ಬಂದವರು ತಿರುವಿನಲ್ಲಿ ತಡೆದು ನಿಲ್ಲಲೇಬೇಕು.

ಗೋಡೆಯಲ್ಲಿ ಗುಂಡು ಹಾರಿಸಲು ಬಿಟ್ಟ ಕಂಡಿಗಳನ್ನು ಹತ್ತಿರ ಹೋಗಿ ನೋಡಬೇಕು. ಮೇಲಿನ ಕಂಡಿಗೆ ಕಣ್ಣಿಟ್ಟರೆ ದೂರದ ನೀರು ಕಾಣುತ್ತದೆ, ಅದರ ಕೆಳಗಿನದರಲ್ಲಿ ಇನ್ನಷ್ಟು ಹತ್ತಿರದ ಜಾಗ, ಎಲ್ಲಕ್ಕಿಂತ ಕೆಳಗಿನದರಲ್ಲಿ ಗೋಡೆಯ ಬುಡ. ಹಡಗು ದಡಕ್ಕೆ ಬಂದಂತೆ ಕಾವಲುಗಾರ ಕಂಡಿ ಬದಲಿಸಿದರೆ ಸಾಕು, ಗುರಿ ತಪ್ಪುವುದಿಲ್ಲ. ಒಳಗೆ ಮೆಟ್ಟಿಲಿಳಿಯುವ ಕೆರೆ, ಮದ್ದಿನ ಮನೆ, ನಡುವೆ ಅಗಲವಾದ ಇಳಿಜಾರಿನ ಕಾವಲು ಬುರುಜು. ಈ ಇಳಿಜಾರು ನನಗೆ ಬಲು ಇಷ್ಟ: ಮೆಟ್ಟಿಲಿದ್ದರೆ ಭಾರದ ಸಾಮಾನು ಎಳೆದೊಯ್ಯುವುದು ಎಷ್ಟು ಕಷ್ಟವಾಗುತ್ತಿತ್ತು! ಬುರುಜಿನ ತುದಿಯಿಂದ ಕಾಞಂಗಾಡಿನವರೆಗೂ ಕಣ್ಣು ಹಾಯುತ್ತದೆ. ಬಾಗಿಲ ಬಳಿ ಮುಖ್ಯಪ್ರಾಣನ ಗುಡಿಯಿದೆ, ಪೂಜೆ ಇಂದಿಗೂ ನಡೆಯುತ್ತದೆ.

1763ರಲ್ಲಿ ಬಿದನೂರು ಹೈದರಾಲಿಯ ಕೈಸೇರಿತು, ಬೇಕಲವೂ ಮೈಸೂರಿನದಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಉಳಿಯಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಕನ್ನಡದ ಕವಿಗಳಾದ ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈಗಳ ಊರುಗಳೂ ಜೊತೆಗೆ ಹೋದವು. ಅಲ್ಲಿನ ಕನ್ನಡಿಗರಿಗೆ ಆ ನೋವು ಇನ್ನೂ ಆರಿಲ್ಲ.

ಸಾಧ್ಯವಾದರೆ ಬೇಕಲ ನೋಡಲು ಹೋದ ರಜೆಯಲ್ಲೇ ಹೊಸನಗರ ತಾಲ್ಲೂಕಿನ ನಗರಕ್ಕೂ ಮಕ್ಕಳನ್ನು ಕರೆದೊಯ್ಯಿರಿ. ಹಳೆಯ ಬಿದನೂರು ಅದೇ. ಬೇಕಲಕ್ಕೆ ಅಪ್ಪಣೆ ಹೊರಡುತ್ತಿದ್ದ ರಾಜಧಾನಿಯ ಕೋಟೆ ಅಲ್ಲಿ ಇಂದಿಗೂ ನಿಂತಿದೆ.