ಬಾಂದಾದ ಕೈಪಂಪು ಮೆಕ್ಯಾನಿಕ್‌ಗಳು

ಉತ್ತರ ಪ್ರದೇಶದ ಬುಂದೇಲಖಂಡ ಭಾಗದ ಬಾಂದಾ ಜಿಲ್ಲೆಯಲ್ಲಿ ನೀರು ಹೊರುವುದು ಹೆಂಗಸರ ಪಾಲಾಗಿತ್ತು. ಕೆಟ್ಟ ಕೈಪಂಪು ರಿಪೇರಿ ಮಾತ್ರ ಗಂಡಸರ ಕೆಲಸವಾಗಿತ್ತು. 1990ರ ದಶಕದ ಆರಂಭದಲ್ಲಿ ಮಹಿಳಾ ಸಮಾಖ್ಯಾ ಎಂಬ ಸರ್ಕಾರಿ ಮಹಿಳಾ ಶಿಕ್ಷಣ ಕಾರ್ಯಕ್ರಮ ಈ ಕಟ್ಟಳೆ ಮುರಿಯಿತು. ದಲಿತ ಮತ್ತು ಕೋಲ್ ಆದಿವಾಸಿ ಹೆಂಗಸರು, ಬಹುಪಾಲು ಅಕ್ಷರ ಅರಿಯದವರು, ಇಂಡಿಯಾ ಮಾರ್ಕ್ 2 ಎಂಬ ಕೈಪಂಪನ್ನು ಬಿಚ್ಚಿ ಜೋಡಿಸಲು ಕಲಿತರು. ಸುಲಭದ ಕಸುಬಲ್ಲ ಅದು. ಪಂಪಿನ ಸಿಲಿಂಡರ್ ಇರುವುದು ಕೊಳವೆಬಾವಿಯ ಆಳದಲ್ಲಿ. ಅದರೊಳಗಿನ ವಾಷರ್ ಸವೆದರೆ ಭಾರದ ಕಬ್ಬಿಣದ ಪೈಪುಗಳನ್ನು ಒಂದೊಂದಾಗಿ ಮೇಲೆತ್ತಿ ಕಳಚಬೇಕು. ಇದು ಹೆಣ್ಣಿನ ಕೈಲಾಗದು ಎಂಬ ಮಾತಿಗೆ ಅವರ ದುಡಿಮೆಯೇ ಉತ್ತರವಾಯಿತು. ರಿಪೇರಿಯ ಲೆಕ್ಕ ಬರೆದಿಡಬೇಕಾದಾಗ ಅಕ್ಷರ ಕಲಿಸಿ ಎಂದು ಕೇಳಿದವರೂ ಅವರೇ. ಆ ಬೇಡಿಕೆಯ ಬೆನ್ನಲ್ಲೇ ಸಾಕ್ಷರತಾ ಶಿಬಿರಗಳು ನಡೆದವು, ಮಹಿಳಾ ಶಿಕ್ಷಣ ಕೇಂದ್ರ ತೆರೆಯಿತು, ಗ್ರಾಮೀಣ ಹೆಂಗಸರೇ ರೂಪಿಸಿದ ‘ಮಹಿಳಾ ಡಾಕಿಯಾ’ ಪತ್ರಿಕೆ ಹೊರಬಂತು.